ಕೀವಿಲ್ಲದ ಗಂಟಲು

ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಸೀನು ಬರುತ್ತದೆ. ನನಗೆ ಸಿಟ್ಟು ಬರುತ್ತದೆ, ಅದೂ ನನ್ನ ಮೇಲೆಯೇ. ಮೊನ್ನೆ ವಿಜಯನಗರದ ಆ ಹೈಸ್ಕೂಲಿನ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಮಕ್ಕಳು ತೂತು ಡಬ್ಬದಿಂದ ಸುಣ್ಣ ಉದುರಿಸುತ್ತಾ ಓಟದ ಗೆರೆ ಎಳೆಯುತ್ತಿದ್ದರು. ಮಾರನೆಯ ದಿನ ಸ್ಪೋರ್ಟ್ಸ್ ಡೇ. ಹೊಸದಾಗಿ ಬಂದಿರುವ ಪಿಟಿ ಮೇಷ್ಟ್ರು ಮೈಕು ಹಿಡಿದು, "ಮೂರನೇ ಗೆರೆ ಸೊಟ್ಟಗಾಯ್ತು ನೋಡ್ರೋ" ಎನ್ನುತ್ತಿದ್ದರು. ಮೈಕಿದ್ದರೆ ಗಂಟಲು ಉಳಿಯುತ್ತದೆ. ನನ್ನ ತಂಗಿ ಮೈಕು ಮುಟ್ಟಿದವಳಲ್ಲ.

ಆ ಶಾಲೆಯಲ್ಲಿ ನನಗೀಗ ಯಾವ ಕೆಲಸವೂ ಇಲ್ಲ, ಯಾರೂ ಕರೆಯುವುದೂ ಇಲ್ಲ. ಆದರೂ ಮೂರು ವರ್ಷದಿಂದ ಪ್ರತಿ ಡಿಸೆಂಬರಿನಲ್ಲೂ ಗೆರೆ ಹಾಕುವ ದಿನ ಯಾವತ್ತೆಂದು ವಿಚಾರಿಸಿಕೊಂಡು ಹೋಗಿ ಐದು ನಿಮಿಷ ಗೇಟಿನ ಹತ್ತಿರ ನಿಂತು ಬರುತ್ತೇನೆ. ವಾಚ್‌ಮನ್ ಮೊದಲ ವರ್ಷ "ಯಾರು ಬೇಕಿತ್ತಮ್ಮ?" ಎಂದು ಕೇಳಿದ್ದ. ಈಗ ಕೇಳುವುದಿಲ್ಲ, ಸ್ಟೂಲು ಮುಂದಕ್ಕೆ ತಳ್ಳುತ್ತಾನೆ. ನಾನು ಕೂರುವುದಿಲ್ಲ. ಅಲ್ಲಿಂದ ನೇರ ಲ್ಯಾಬಿಗೆ ಹೋಗಿ ಮಾಡುವ ಇನ್ನೊಂದು ಕೆಲಸವಿದೆ.

ನಾನು ರಾಜಾಜಿನಗರದ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ಮೂವತ್ತು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಜನರ ತೋಳಿಗೆ ಸೂಜಿ ಚುಚ್ಚುವುದು, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆಯುವುದು, ಬಣ್ಣ ಹಾಕುವುದು, ಮೈಕ್ರೋಸ್ಕೋಪಿನಡಿ ಇಟ್ಟು ಬಿಳಿ ರಕ್ತಕಣ ಎಣಿಸುವುದು. ನೂರು ಕಣ ಸಿಗುವವರೆಗೂ ಗಾಜಿನ ಮೇಲೆ ಆಚೆಯಿಂದ ಈಚೆಗೆ ಹೋಗುತ್ತಲೇ ಇರಬೇಕು. ನೂರರಲ್ಲಿ ಯಾವ ಬಗೆಯವು ಎಷ್ಟು ಎಂದು ಬರೆಯಬೇಕು. ಈಗ ಮೆಷಿನ್ ಬಂದಿದೆ, ಒಂದೇ ನಿಮಿಷದಲ್ಲಿ ಎಣಿಸಿ ಚೀಟಿ ಉಗುಳುತ್ತದೆ. ಮೆಷಿನ್ ಎಣಿಸುತ್ತದೆ, ನೋಡುವುದಿಲ್ಲ ಎಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದೆ. ನೋಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗಿತ್ತು.

ತಂಗಿ ಸುಮಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಆ ಹೈಸ್ಕೂಲಿನ ಪಿಟಿ ಮಿಸ್. ನಾವಿಬ್ಬರೇ ಅಗ್ರಹಾರ ದಾಸರಹಳ್ಳಿಯ ಹಳೇ ಓಣಿಯಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿದ್ದೆವು. ಅಪ್ಪನ ರಾಗಿ ಹೊಲ ಬಸವೇಶ್ವರನಗರದ ಯಾವುದೋ ಮೇನ್ ರೋಡಿನ ಅಡಿಗೆ ಹೋಗಿತ್ತು. ಯಾವ ರೋಡೆಂದು ಕೊನೆಕೊನೆಗೆ ಅಪ್ಪನಿಗೇ ಗುರುತು ಸಿಗುತ್ತಿರಲಿಲ್ಲ. ನಾನು ಮದುವೆಯಾಗಿ ಮೂರು ವರ್ಷಕ್ಕೆ ಸೂಟ್‌ಕೇಸ್ ಸಮೇತ ವಾಪಸ್ ಬಂದವಳು. ಸುಮಾ ಎದುರು ಮದುವೆಯ ಮಾತೆತ್ತಿದರೆ ಕೊರಳಲ್ಲಿದ್ದ ವಿಸಲ್ ಊದುತ್ತಿದ್ದಳು. ಬಂದ ನೆಂಟರು ಕಿವಿ ಉಜ್ಜಿಕೊಂಡು ಕಾಫಿ ಕುಡಿದು ಹೋಗುತ್ತಿದ್ದರು. ಅಮ್ಮ ತೀರಿಕೊಂಡಾಗ ಅವಳಿಗೆ ಹನ್ನೆರಡು. ಜಡೆ ಹಾಕಿದ್ದು, ಬೈದದ್ದು, ಬಿದ್ದ ಮೊಣಕಾಲಿಗೆ ಔಷಧಿ ಹಚ್ಚಿದ್ದು ಎಲ್ಲ ನಾನೇ. ಹಾಗಾಗಿ ಅವಳ ಮೈಯಲ್ಲಿ ಏನೇ ಆದರೂ ಅದಕ್ಕೆ ತೀರ್ಪು ಹೇಳುವವಳೂ ನಾನೇ ಎಂದಾಗಿಬಿಟ್ಟಿತ್ತು.

ಮೂರು ವರ್ಷದ ಹಿಂದೆ, ಗಣೇಶನ ಹಬ್ಬದ ಹೊತ್ತಿಗೆ ಅವಳು ಸೊರಗತೊಡಗಿದಳು. ತಿನ್ನುವುದು ಇಬ್ಬರಷ್ಟು, ಮೈಗೆ ಹತ್ತುತ್ತಿರಲಿಲ್ಲ. ಮಳೆಯ ಚಳಿಯಲ್ಲೂ ಫ್ಯಾನ್ ಬೇಕು. ಲೋಟ ಹಿಡಿದರೆ ಕೈ ನಡುಗಿ ಕಾಫಿ ತುಳುಕುತ್ತಿತ್ತು. "ಫಿಟ್ ಆಗ್ತಾ ಇದೀನಕ್ಕ, ಹೊಟ್ಟೆ ಹೆಂಗೆ ಕರಗ್ತು ನೋಡು," ಎಂದು ಬೀಗುತ್ತಿದ್ದಳು. ಒಂದು ಸಂಜೆ ಸುಮ್ಮನೆ ಕೂತು ಟೀವಿ ನೋಡುತ್ತಿದ್ದವಳ ಮಣಿಕಟ್ಟು ಹಿಡಿದರೆ ನಾಡಿ ಓಡಿ ಬಂದವಳ ಹಾಗೆ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆ ರಕ್ತ ತೆಗೆದು ನೋಡಿದೆ. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿತ್ತು. ನಾನೇ ಕಂಡುಹಿಡಿದೆ ಎಂದು ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ದಸರಾ ಕಳೆದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದವರು, ತಾಳ್ಮೆಯಿಂದ ಹೇಳಿದರು. ಮೈ ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಥೈರಾಯ್ಡನ್ನು ಕೆಣಕುತ್ತಿದೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ ಎಂದರು. "ದಿನಕ್ಕೆರಡು. ತಪ್ಪಿಸ್ಬೇಡಿ. ಇನ್ನೊಂದು ಮಾತು, ತೀರಾ ಅಪರೂಪ, ಆದ್ರೂ ಹೇಳ್ಲೇಬೇಕು. ಇದನ್ನ ತಗೊಳ್ಳೋವಾಗ ಗಂಟಲು ನೋವೋ ಜ್ವರಾನೋ ಬಂದ್ರೆ ಮಾತ್ರೆ ನಿಲ್ಸಿ, ಅವತ್ತೇ ಬಿಳಿ ಕಣದ ಕೌಂಟ್ ಮಾಡ್ಸಿ ನಂಗೆ ಫೋನ್ ಮಾಡಿ. ಕೆಲವರಿಗೆ ಈ ಮಾತ್ರೆಯಿಂದ ಬಿಳಿ ಕಣಗಳು ಬಿದ್ದುಹೋಗ್ತವೆ."

ನಾನು ಪಕ್ಕದಲ್ಲೇ ಕೂತಿದ್ದೆ. ಅವರು ಬೇರೆ ಕಡೆ ಮಾಡಿಸಿದ್ದ ರಿಪೋರ್ಟು ನನ್ನ ಕೈಯಲ್ಲಿತ್ತು, ಅದರ ಅಂಕಿಗೂ ನನ್ನ ಲ್ಯಾಬಿನ ಅಂಕಿಗೂ ಎಷ್ಟು ವ್ಯತ್ಯಾಸ ಎಂದು ತಾಳೆ ನೋಡುತ್ತಿದ್ದೆ. ಮಾತು ಕಿವಿಗೆ ಬಿತ್ತು. ತಲೆ ಅಲ್ಲಾಡಿಸಿದೆ. ತಲೆಯಲ್ಲಿ ನಿಂತದ್ದು ಮಾತ್ರ "ತಪ್ಪಿಸ್ಬೇಡಿ" ಎಂಬ ಒಂದೇ ಪದ.

ಮಾತ್ರೆ ಚೆನ್ನಾಗಿ ನಾಟಿತು. ದೀಪಾವಳಿ ಹೊತ್ತಿಗೆ ಕೈ ನಡುಕ ನಿಂತಿತು, ಕೆನ್ನೆ ತುಂಬಿಕೊಂಡಿತು. ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ಏಳಕ್ಕೆ ಒಂದು, ನಾನೇ ಅಂಗೈಗೆ ಹಾಕಿ ನುಂಗುವವರೆಗೂ ಎದುರು ನಿಲ್ಲುತ್ತಿದ್ದೆ. "ಮಿಲಿಟರಿ ಅಕ್ಕ" ಎಂದು ಸೆಲ್ಯೂಟ್ ಹೊಡೆದು ನುಂಗುತ್ತಿದ್ದಳು.

ನವೆಂಬರಿನ ಒಂದು ಶನಿವಾರ ನನ್ನನ್ನೂ ಶಾಲೆಗೆ ಎಳೆದುಕೊಂಡು ಹೋದಳು. ಸೈನ್ಸ್ ಮಿಸ್ ರಜೆ ಹಾಕಿದ್ದರು, ಮೈ ಹೇಗೆ ರೋಗದ ವಿರುದ್ಧ ಹೋರಾಡುತ್ತದೆ ಎಂಬ ಪಾಠ ಬಾಕಿಯಿತ್ತು. "ಬೋರ್ಡ್ ಮೇಲೆ ಬರೆದ್ರೆ ತೂಕಡಿಸ್ತಾರೆ. ನೀನು ಹೇಳು, ನಾನು ಆಡಿಸ್ತೀನಿ," ಎಂದಳು. ಮೈದಾನದಲ್ಲಿ ಸುಣ್ಣದಿಂದ ದೊಡ್ಡ ವೃತ್ತ ಎಳೆದಳು, ಅದು ಚರ್ಮ. ಒಂದು ಕಡೆ ಕಾಲಲ್ಲಿ ಗೆರೆ ಅಳಿಸಿದಳು, ಅದು ಗಾಯ. ಕೆಂಪು ಟೀ ಶರ್ಟಿನವರು ರೋಗಾಣುಗಳು, ಆ ಗಾಯದಿಂದ ಮಾತ್ರ ಒಳಗೆ ನುಗ್ಗಬಹುದು. ತಲೆಗೆ ಬಿಳಿ ಕರ್ಚೀಫು ಕಟ್ಟಿಕೊಂಡವರು ಬಿಳಿ ಕಣಗಳು. ಅವರಲ್ಲಿ ಮುಕ್ಕಾಲು ಜನ ನ್ಯೂಟ್ರೊಫಿಲ್‌ಗಳು, ಎಲ್ಲರಿಗಿಂತ ಮೊದಲು ಓಡಿ ಬರುವ ಪೇದೆಗಳು. ಕಬ್ಬಿಣದ ಗ್ರಿಲ್ ಬಾಗಿಲಿನ ವೆರಾಂಡಾ ಮೂಳೆಯೊಳಗಿನ ಮಜ್ಜೆ, ಅವರು ಹುಟ್ಟಿ ಬರುವ ಜಾಗ. ನ್ಯೂಟ್ರೊಫಿಲ್ ಬದುಕುವುದು ಹೆಚ್ಚೆಂದರೆ ಒಂದೆರಡು ದಿನ, ಅದಕ್ಕೇ ಮಜ್ಜೆ ಹೊಸಬರನ್ನು ಕಳಿಸುತ್ತಲೇ ಇರಬೇಕು ಎಂದು ನಾನು ವಿವರಿಸಿದೆ. ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತ ಇಬ್ಬರು ಹುಡುಗಿಯರು ಲಿಂಫೊಸೈಟ್‌ಗಳು. ಅವರದು ನಿಧಾನದ ಕೆಲಸ. ಬಂದ ರೋಗಾಣುವಿನ ಗುರುತು ಬರೆದಿಟ್ಟುಕೊಂಡು ಅದು ಮುಂದಿನ ಸಲ ಬಂದಾಗ ಬಾಗಿಲಲ್ಲೇ ಹಿಡಿಸುತ್ತಾರೆ.

ಸುಮಾ ವಿಸಲ್ ಊದಿದಳು. ಕೆಂಪಿನವರು ನುಗ್ಗಿದರು, ಬಿಳಿಯವರು ವೆರಾಂಡಾದಿಂದ ಹೋ ಎಂದು ಓಡಿ ಬಂದರು. ಹಿಡಿದವರೂ ಸಿಕ್ಕಿದವರೂ ಇಬ್ಬರೂ ಔಟ್, ಅಲ್ಲೇ ಒಬ್ಬರ ಮೇಲೊಬ್ಬರು ಬೀಳಬೇಕು ಎಂಬುದು ಅವಳ ನಿಯಮ. ಗಾಯದ ಬಾಯಲ್ಲಿ ಮಕ್ಕಳ ರಾಶಿ ಬಿತ್ತು. "ಈ ರಾಶಿಗೆ ಏನಂತಾರೆ ಹೇಳ್ರೋ?" ಎಂದಳು. ಯಾರಿಗೂ ಗೊತ್ತಿರಲಿಲ್ಲ. "ಕೀವು!" ಎಂದು ಕೂಗಿದಳು. ಎಲ್ಲರೂ "ಛೀ" ಎಂದು ಮೈ ಕೊಡವಿಕೊಂಡು ಎದ್ದರು.

"ಛೀ ಅನ್ಬೇಡಿ," ಎಂದೆ ನಾನು. "ಕೀವು ಅಂದ್ರೆ ನಿಮಗೋಸ್ಕರ ಜಗಳ ಆಡಿ ಸತ್ತಿರೋ ಬಿಳಿ ಕಣಗಳು. ಕೀವು ಕಂಡ್ರೆ ಒಳಗೆ ಕಾವಲಿನವರು ಇನ್ನೂ ಇದಾರೆ ಅಂತ ಅರ್ಥ." ನನ್ನ ಬಾಯಿಂದಲೇ ಬಂದ ಮಾತು ಅದು, ಎಂಬತ್ತು ಮಕ್ಕಳ ಎದುರು.

ಎರಡನೇ ಸಲ ಆಡುವಾಗ ನಯನಾ ಎಂಬ ತರಲೆ ಹುಡುಗಿ ವೆರಾಂಡಾದ ಗ್ರಿಲ್ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಬಿಟ್ಟಳು. ವಿಸಲ್ ಊದಿದರೂ ಬಿಳಿಯವರು ಯಾರೂ ಬರಲಿಲ್ಲ, ಒಳಗಿನಿಂದ ಗ್ರಿಲ್ ಅಲ್ಲಾಡಿಸುತ್ತಿದ್ದರು. ಕೆಂಪಿನವರು ವೃತ್ತದೊಳಗೆ ಆರಾಮಾಗಿ ಅಡ್ಡಾಡಿದರು, ಕುಣಿದರು. ಸುಮಾ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಅಕ್ಕ, ಇದೆಂಥಾ ಮೈ ನೋಡು, ಜಗಳಾನೇ ಇಲ್ಲ. ಎಷ್ಟು ಶಾಂತವಾಗಿದೆ!" ಎಂದಳು. ನಾನೂ ನಕ್ಕೆ.

ಡಿಸೆಂಬರ್ ಬಂತು. ನಮ್ಮ ಕಡೆ ಡಿಸೆಂಬರ್ ಎಂದರೆ ಅವರೆಕಾಯಿ, ಬೆಳಗಿನ ಮಂಜು, ಊರಿಗೆ ಊರೇ ಕೆಮ್ಮು. ಸುಮಾಗೆ ಇವೆಲ್ಲದರ ಜೊತೆ ಸ್ಪೋರ್ಟ್ಸ್ ಡೇ ಪ್ರಾಕ್ಟೀಸು. ದಿನಕ್ಕೆ ಐದು ಗಂಟೆ ಧೂಳಿನಲ್ಲಿ ನಿಂತು ಕೂಗುತ್ತಿದ್ದಳು. ಪ್ರತಿ ಡಿಸೆಂಬರಿನಲ್ಲೂ ಒಂದು ವಾರ ಅವಳ ಗಂಟಲು ಕೆಡುವುದು ವಾಡಿಕೆ. ಆಗೆಲ್ಲ ಮನೆಯಲ್ಲಿ ಕೈಸನ್ನೆಯಲ್ಲೇ ಮಾತಾಡುತ್ತಿದ್ದಳು, ನಾನು ಬೇಕೆಂದೇ ಅರ್ಥವಾಗದವಳ ಹಾಗೆ ನಟಿಸಿ ಗೋಳುಹೊಯ್ದುಕೊಳ್ಳುತ್ತಿದ್ದೆ.

ಆ ಸೋಮವಾರ ಅವಳ ಗಂಟಲು ಕೆಟ್ಟಿತು. ಮೆಣಸು, ಶುಂಠಿ ಕುಟ್ಟಿ ಕಷಾಯ ಮಾಡಿ ಕೊಟ್ಟೆ. ಉಪ್ಪುನೀರು ಮುಕ್ಕಳಿಸಿದಳು. ಮಂಗಳವಾರ ನೋವು ಜಾಸ್ತಿಯಾಯಿತು ಎಂದಳು. ಕಿಟಕಿಯ ಹತ್ತಿರ ಕೂರಿಸಿ, ಚಮಚದ ಹಿಡಿಯಲ್ಲಿ ನಾಲಿಗೆ ಒತ್ತಿ, ಟಾರ್ಚು ಬಿಟ್ಟು ನೋಡಿದೆ. ಸ್ವಲ್ಪ ಕೆಂಪಗಿತ್ತು, ಅಷ್ಟೇ. ಬಿಳಿ ಚುಕ್ಕೆಯಿಲ್ಲ, ಕೀವಿಲ್ಲ. "ಏನೂ ಇಲ್ಲ ಕಣೆ, ಕೂಗಿ ಕೂಗಿ ಹಿಂಗಾಗಿದೆ. ನಿನ್ನ ಗಂಟಲು ಕನ್ನಡಿ ಥರ ಇದೆ," ಎಂದೆ.

ಬುಧವಾರ ಹಿತಕಿದ ಬೇಳೆ ಸಾರು ಮಾಡಿದ್ದೆ. ನೆನೆಸಿದ ಅವರೆಕಾಳನ್ನು ಒಂದೊಂದೇ ಹಿಚುಕಿ ಸಿಪ್ಪೆ ತೆಗೆಯುವುದಕ್ಕೆ ಒಂದೂವರೆ ಗಂಟೆ ಹಿಡಿದಿತ್ತು. ಅವಳು ಎರಡು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು. "ನುಂಗಕ್ಕಾಗ್ತಿಲ್ಲಕ್ಕ." ನನಗೆ ಕೋಪ ಬಂತು. "ಕಷ್ಟಪಟ್ಟು ಮಾಡಿದ್ದು ಬಿಸಾಕು ಹಾಗಾದ್ರೆ," ಎಂದೆ. ಅವಳು ಮತ್ತೆ ತಟ್ಟೆ ಎಳೆದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಪೂರ್ತಿ ತಿಂದಳು.

ಗುರುವಾರ ಬೆಳಿಗ್ಗೆ ಮೈ ಬೆಚ್ಚಗಿತ್ತು. ಜ್ವರದ ಮಾತ್ರೆ ಕೊಟ್ಟೆ, ಅದರ ಜೊತೆಗೆ ಥೈರಾಯ್ಡ್ ಮಾತ್ರೆಯನ್ನೂ ಅಂಗೈಗೆ ಹಾಕಿದೆ. ಅವಳು ಅದನ್ನು ಬೆರಳಲ್ಲಿ ಉರುಳಿಸುತ್ತಾ, "ಅಕ್ಕ, ಗಂಟಲು ನೋವು ಬಂದ್ರೆ ಆ ಡಾಕ್ಟ್ರು ಏನೋ ಹೇಳಿದ್ರಲ್ವಾ? ಟೆಸ್ಟ್ ಮಾಡ್ಸಿ ಅಂತ," ಎಂದಳು.

ನಾನು ಹೇಳಿದ ಉತ್ತರ ಒಂದಕ್ಷರವೂ ಮರೆತಿಲ್ಲ. "ಅದೆಲ್ಲಾ ಎಲ್ರಿಗೂ ಹೇಳ್ತಾರೆ ಕಣೆ. ಗಂಟಲು ನೋವು ಅಂದವರಿಗೆಲ್ಲ ರಕ್ತ ತೆಗೀತಾ ಕೂತ್ರೆ ರಾಜಾಜಿನಗರದಲ್ಲಿ ಯಾರ ಮೈಯಲ್ಲೂ ರಕ್ತ ಉಳಿಯಲ್ಲ. ಸೋಂಕಾಗಿದ್ರೆ ಕೀವು ಕಾಣ್ಬೇಕು. ಇಪ್ಪತ್ತೇಳು ವರ್ಷದಿಂದ ನೋಡ್ತಿದೀನಿ, ನಂಗೆ ಗೊತ್ತಾಗಲ್ವಾ?" ಅವಳು ನಕ್ಕು ಮಾತ್ರೆ ನುಂಗಿದಳು. ನಾನು ಲ್ಯಾಬಿಗೆ ಹೋದೆ. ಅವತ್ತು ಅಲ್ಲಿ ಮೂವತ್ತು ಜನರ ರಕ್ತ ತೆಗೆದೆ, ಮನೆಯಲ್ಲಿದ್ದವಳ ಒಂದು ಹನಿ ತೆಗೆಯಲಿಲ್ಲ.

ಶುಕ್ರವಾರ ಗೆರೆ ಹಾಕುವ ದಿನ. ರಜೆ ಹಾಕೆಂದರೆ ಕೇಳಲಿಲ್ಲ. ಬರುವುದು ತಡವಾಗುತ್ತದೆ, ಸಂಜೆಯ ಮಾತ್ರೆ ಮರೆಯುತ್ತಾಳೆ ಎಂದು ನಾನೇ ಲ್ಯಾಬಿನಿಂದ ಒಂದು ಗಂಟೆ ಮೊದಲು ಬಿಟ್ಟು, ಫ್ಲಾಸ್ಕಿನಲ್ಲಿ ಕಷಾಯ ಹಿಡಿದುಕೊಂಡು ವಿಜಯನಗರಕ್ಕೆ ಹೋದೆ. ಅವಳು ಗೇಟಿನ ಹತ್ತಿರ ಬಂದಳು. ಬೆರಳೆಲ್ಲ ಸುಣ್ಣ, ಮುಖ ಬೆಳ್ಳಗೆ, ತುಟಿ ಒಣಗಿತ್ತು. ಧ್ವನಿ ಪೂರ್ತಿ ಹೋಗಿತ್ತು. "ಈಗ್ಲೇ ನುಂಗು, ಆಮೇಲೆ ಮರೀತೀಯ," ಎಂದು ಮಾತ್ರೆ ಕೊಟ್ಟೆ. ಕೈಯಲ್ಲಿ ಸುಣ್ಣ ಇದ್ದುದರಿಂದ ಬಾಯಿ ತೆರೆದಳು, ನಾನೇ ಹಾಕಿದೆ. ನುಂಗುವಾಗ ಗೇಟಿನ ಗ್ರಿಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಯಾವಾಗಿನ ಹಾಗೆ ಸೆಲ್ಯೂಟ್ ಹೊಡೆದಳು, ಹಣೆಯ ಮೇಲೆ ಸುಣ್ಣದ ಗುರುತು ಬಿತ್ತು.

ಸೋಮವಾರದಿಂದ ಶುಕ್ರವಾರ ಸಂಜೆಯವರೆಗೆ ಹತ್ತು ಮಾತ್ರೆ. ಶನಿವಾರ ಬೆಳಿಗ್ಗೆ ಇನ್ನೊಂದು. ಅವಳ ಮಜ್ಜೆಯ ಬಾಗಿಲಿಗೆ ಚಿಲಕ ಹಾಕುತ್ತಿದ್ದದ್ದು ಅದೇ ಮಾತ್ರೆ. ಹನ್ನೊಂದನ್ನೂ ಕೊಟ್ಟದ್ದು ಈ ಕೈ.

ಶನಿವಾರ ಮಧ್ಯಾಹ್ನ ಸೈನ್ಸ್ ಮಿಸ್ ಅವಳನ್ನು ಆಟೋದಲ್ಲಿ ನಮ್ಮ ಲ್ಯಾಬಿಗೇ ಕರೆತಂದರು. ನೂರು ಮೀಟರ್ ಓಟ ಶುರು ಮಾಡಿಸಲು ವಿಸಲ್ ಬಾಯಿಗಿಟ್ಟವಳು ಗಡಗಡ ನಡುಗಿ ಅಲ್ಲೇ ಕುಸಿದಿದ್ದಳು. ಮೈ ಸುಡುತ್ತಿತ್ತು. ಬೆಂಚಿನ ಮೇಲೆ ಮಲಗಿಸಿ ರಕ್ತ ತೆಗೆದೆ. ಮೆಷಿನ್ನಿಗೆ ಹಾಕಿದರೆ ಬಿಳಿ ಕಣದ ಜಾಗದಲ್ಲಿ ಕಂಡುಕೇಳರಿಯದ ಸಣ್ಣ ಅಂಕಿ, ಪಕ್ಕದಲ್ಲಿ ಎಚ್ಚರಿಕೆಯ ನಕ್ಷತ್ರದ ಗುರುತುಗಳು. ಮೆಷಿನ್ ಸುಳ್ಳು ಹೇಳುತ್ತಿದೆ ಎಂದುಕೊಂಡೆ. ಗಾಜಿನ ಮೇಲೆ ಹನಿ ಎಳೆದೆ, ಬಣ್ಣ ಹಾಕಿದೆ, ಒಣಗುವವರೆಗೂ ಗಾಜನ್ನು ಬೀಸುತ್ತಾ ನಿಂತೆ. ಎಣ್ಣೆ ಹನಿ ಇಟ್ಟು ಕಣ್ಣು ಹಚ್ಚಿದೆ.

ಕೆಂಪು ಕಣಗಳು ಎಂದಿನ ಹಾಗೇ ತುಂಬಿಕೊಂಡಿದ್ದವು. ಬಿಳಿ ಕಣ ಹುಡುಕಿಕೊಂಡು ಹೊರಟೆ. ಒಂದು ಸಿಕ್ಕಿತು, ಲಿಂಫೊಸೈಟ್. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು, ಅದೂ ಲಿಂಫೊಸೈಟ್. ನೋಟ್‌ಬುಕ್ ಹಿಡಿದ ಹುಡುಗಿಯರು ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಗಾಜಿನ ಈ ತುದಿಯಿಂದ ಆ ತುದಿವರೆಗೆ ಹೋದರೂ ನೂರು ಇರಲಿ, ಇಪ್ಪತ್ತೈದು ಕಣವೂ ಸಿಗಲಿಲ್ಲ. ನ್ಯೂಟ್ರೊಫಿಲ್ ಒಂದೇ ಒಂದು ಇರಲಿಲ್ಲ.

ಆಗ ಅರ್ಥವಾಯಿತು. ಗಂಟಲಲ್ಲಿ ಕೀವಿರಲಿಲ್ಲ, ಏಕೆಂದರೆ ಕೀವಾಗಲು ಯಾರೂ ಉಳಿದಿರಲಿಲ್ಲ. ಊತವಿಲ್ಲದ್ದು, ಬಿಳಿ ಚುಕ್ಕೆಯಿಲ್ಲದ್ದು, ಕನ್ನಡಿಯ ಹಾಗೆ ಕಂಡದ್ದು ಎಲ್ಲ ಅದಕ್ಕೇ. ಕೆಂಪು ಟೀ ಶರ್ಟಿನವರು ಐದು ದಿನದಿಂದ ಒಳಗೆ ಅಡ್ಡಾಡುತ್ತಿದ್ದರು, ತಡೆಯುವವರಿರಲಿಲ್ಲ. ಎಷ್ಟು ಶಾಂತವಾಗಿತ್ತು. ನಾನು ಟಾರ್ಚು ಬಿಟ್ಟು ಆ ಶಾಂತಿಯನ್ನೇ ನೋಡಿ ಆರೋಗ್ಯ ಎಂದು ತೀರ್ಪು ಕೊಟ್ಟಿದ್ದೆ. ಏನೂ ಓದದವಳಾಗಿದ್ದರೆ ಡಾಕ್ಟರು ಹೇಳಿದ್ದಾರೆ ಎಂದು ಸೋಮವಾರವೇ ಟೆಸ್ಟ್ ಮಾಡಿಸುತ್ತಿದ್ದೆ. ನನಗೆ ಗೊತ್ತಿತ್ತು, ಅದೇ ಅವಳಿಗೆ ಮುಳುವಾಯಿತು.

ಮಾಗಡಿ ರಸ್ತೆಯ ಆಸ್ಪತ್ರೆಯೊಂದರಲ್ಲಿ ಒಂಟಿ ಕೋಣೆಗೆ ಹಾಕಿದರು. ಮಾತ್ರೆ ನಿಲ್ಲಿಸಿದರು. ಎರಡು ಕಡೆಯಿಂದ ಡ್ರಿಪ್ಪು, ಮಜ್ಜೆಯನ್ನು ಎಬ್ಬಿಸಲು ದಿನವೂ ಒಂದು ಇಂಜೆಕ್ಷನ್ನು. ಹೊರಗಿನವರು ಯಾರೂ ಬರಕೂಡದು, ಹೂವು ಹಣ್ಣು ತರಕೂಡದು ಎಂದರು. ನಮ್ಮವರಲ್ಲಿ ಆಸ್ಪತ್ರೆ ಎಂದರೆ ಮೂಸಂಬಿ ಚೀಲ ಹಿಡಿದು ಹೊರಡುವುದೇ ಮೊದಲ ಕೆಲಸ. ಓಣಿಯವರು, ಟೀಚರುಗಳು, ಚಿಕ್ಕಪ್ಪನ ಮಕ್ಕಳು ಸಾಲಾಗಿ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೇ ವಾಪಸ್ ಕಳಿಸಿದೆ. "ದೂರದಿಂದ ಮುಖ ನೋಡ್ಕೊಂಡು ಹೋಗ್ತೀವಿ ಕಣಮ್ಮ" ಎಂದರೂ ಬಿಡಲಿಲ್ಲ. ಒಳಗೆ ಬಂದಾಗ ಸುಮಾ ಮಾಸ್ಕಿನ ಹಿಂದಿನಿಂದ ಪಿಸುಗುಟ್ಟಿದಳು, "ಈಗ ಚೆನ್ನಾಗಿ ಗೆರೆ ಕಾಯ್ತಿದೀಯ." ತಮಾಷೆಗೆ ಹೇಳಿದಳು. ನಾನು ಮತ್ತೆ ಬಾಗಿಲಿಗೆ ಹೋಗಿ ನಿಂತೆ.

ಮೂರನೆಯ ದಿನ ಅವಳಾಗಿಯೇ ಕೇಳಿದಳು. "ನಾನು ಹೇಳಿದ್ದೆ ಅಲ್ವಾಕ್ಕ? ಟೆಸ್ಟ್ ಅಂತ."

"ಹೂಂ, ಹೇಳಿದ್ದೆ," ಎಂದೆ.

ಬೈಯಲಿ ಎಂದು ಕಾದೆ. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. "ನೀರು ಕೊಡು" ಎಂದಳು. ಆ ವಿಷಯ ಅಲ್ಲಿಗೆ ಮುಗಿಯಿತು, ಅಥವಾ ಮುಗಿಯಲೇ ಇಲ್ಲ.

ದಿನವೂ ಬೆಳಿಗ್ಗೆ ರಕ್ತ ತೆಗೆದುಕೊಂಡು ಹೋಗುತ್ತಿದ್ದರು. ಆಸ್ಪತ್ರೆಯ ಲ್ಯಾಬಿನ ಹುಡುಗಿಗೆ ನನ್ನ ಕಸುಬು ಗೊತ್ತಾಗಿ ನನಗೂ ಮೈಕ್ರೋಸ್ಕೋಪಿನಲ್ಲಿ ನೋಡಲು ಬಿಡುತ್ತಿದ್ದಳು. ನಾಲ್ಕನೇ ದಿನ ಇಲ್ಲ. ಐದನೇ ದಿನ ಇಲ್ಲ. ಜ್ವರ ಏರುತ್ತಿತ್ತು, ಸೋಂಕು ಎದೆಗೆ ಇಳಿದಿದೆ ಎಂದರು. ಏಳನೇ ದಿನವೂ ಇಲ್ಲ. ಎಂಟನೇ ದಿನ ಬೆಳಿಗ್ಗೆ ಆ ಹುಡುಗಿ ಕಾರಿಡಾರಿನಲ್ಲೇ ಓಡಿ ಬಂದಳು. "ಮೇಡಂ, ಬನ್ನಿ, ಬಂದಿವೆ!" ಕಣ್ಣು ಹಚ್ಚಿದೆ. ಇನ್ನೂ ಬಲಿಯದ ಎಳೇ ನ್ಯೂಟ್ರೊಫಿಲ್‌ಗಳು, ಒಂದಲ್ಲ ಎರಡಲ್ಲ, ಗುಂಪು ಗುಂಪಾಗಿ. ವೆರಾಂಡಾ ಬಾಗಿಲು ತೆರೆದಿತ್ತು. ನಾನು ಆ ಹುಡುಗಿಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಕೋಣೆಗೆ ಓಡಿ ಸುಮಾಗೆ ಹೇಳಿದೆ. ಅವಳು ಮಾಸ್ಕು ಸರಿಸಿ, ಬಾಯಿ ತೆರೆದು, ಬೆರಳಲ್ಲಿ ಗಂಟಲು ತೋರಿಸಿದಳು. "ಕೀವು ಬಂತಾ ನೋಡು."

ಫೋನಿನ ಟಾರ್ಚು ಬಿಟ್ಟು ನೋಡಿದೆ. ಗಂಟಲಿನ ಎರಡೂ ಕಡೆ ದಪ್ಪಗೆ, ಹಳದಿ ಬೆರೆತ ಬಿಳಿ. ಅಷ್ಟು ಚೆನ್ನಾದದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. "ಬಂತು ಕಣೆ," ಎಂದೆ, "ಬೇಕಾದಷ್ಟು ಬಂದಿದೆ." ಅವಳು ಕೈ ಎತ್ತಿ ಸೆಲ್ಯೂಟ್ ಹೊಡೆಯಲು ಹೋದಳು, ಡ್ರಿಪ್ಪಿನ ಪೈಪು ಅಡ್ಡ ಬಂತು. ಎಂಟು ದಿನಕ್ಕೆ ಮೊದಲ ಸಲ ನಾನು ಕ್ಯಾಂಟೀನಿಗೆ ಹೋಗಿ ಕೂತು ತಿಂಡಿ ತಿಂದೆ. ಎರಡು ಇಡ್ಲಿ, ಒಂದು ವಡೆ. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡೆ.

ವಾಪಸ್ ಬರುವಷ್ಟರಲ್ಲಿ ಅವಳಿಗೆ ಏದುಸಿರು ಹತ್ತಿತ್ತು. ಮಧ್ಯಾಹ್ನ ಐಸಿಯುಗೆ ಹಾಕಿದರು. ಡಾಕ್ಟರು, ನನಗೊಬ್ಬ ಮಗಳಿದ್ದಿದ್ದರೆ ಅವಳ ವಯಸ್ಸಿನವರು, ಪಕ್ಕಕ್ಕೆ ಕರೆದು ಹೇಳಿದರು: "ಮೇಡಂ, ಕಣಗಳು ಒಟ್ಟಿಗೇ ವಾಪಸ್ ಬರೋವಾಗ ಕೆಲವು ಸಲ ಹೀಗಾಗತ್ತೆ. ಸೋಂಕು ಆಗ್ಲೇ ಶ್ವಾಸಕೋಶದಲ್ಲಿ ಬೇರೂರಿತ್ತು. ಎಲ್ಲವೂ ಅಲ್ಲಿಗೇ ನುಗ್ಗಿವೆ. ಜಗಳ ಅಲ್ಲೇ ನಡೀತಿದೆ, ಉಸಿರಾಡೋಕೆ ಜಾಗ ಉಳೀತಿಲ್ಲ." ಕೇಳಿಸಿಕೊಂಡೆ. ಈ ಸಲ ಒಂದು ಪದವೂ ತಪ್ಪಿಸಿಕೊಳ್ಳಲಿಲ್ಲ. ಕಾವಲಿನವರು ಐದು ದಿನ ಮೊದಲು ಬಂದಿದ್ದರೆ ಗಂಟಲಲ್ಲೇ ಮುಗಿಸುತ್ತಿದ್ದ ಜಗಳ ಅದು. ತಡವಾಗಿ ಬಂದವರು ಕಾಯಬೇಕಾದ ಜಾಗವನ್ನೇ ತುಳಿದು ಹಾಕಿದರು. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸುಮಾ ಹೋದಳು.

ಮಾತ್ರೆ ತಿಂದು ಸತ್ತಳಂತೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ಎದುರು ಮನೆಯ ಆಂಟಿ ಹೆದರಿ ತಮ್ಮ ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದರು. ನಾನೇ ಹೋಗಿ ಗದರಿ ಮತ್ತೆ ಶುರು ಮಾಡಿಸಿದೆ. ಮಾತ್ರೆಯದು ತಪ್ಪಿಲ್ಲ. ಡಾಕ್ಟರು ಹೇಳಿದ್ದರು, ರೋಗಿ ನೆನಪಿಟ್ಟುಕೊಂಡು ಕೇಳಿದ್ದಳು. ನಡುವೆ ನಿಂತಿದ್ದವಳು ನಾನು. ಇದನ್ನು ಹೇಳಿದರೆ ಜನ "ಅಯ್ಯೋ, ಹಣೆಬರಹ, ನೀವೇನು ಮಾಡಕ್ಕಾಗ್ತಿತ್ತು" ಎನ್ನುತ್ತಾರೆ. ಒಂದು ಹನಿ ರಕ್ತ ತೆಗೆಯಬಹುದಿತ್ತು. ಜೀವನವೆಲ್ಲ ನಾನು ಮಾಡಿಕೊಂಡು ಬಂದದ್ದೇ ಅದು.

ಶನಿವಾರದ ಆ ಗಾಜು ನನ್ನ ಹತ್ತಿರ ಇದೆ. ಲ್ಯಾಬಿನ ಮರದ ಪೆಟ್ಟಿಗೆಯ ಕೊನೆಯ ಸೀಳಿನಲ್ಲಿ ಇಟ್ಟಿದ್ದೇನೆ, ಮೇಲೆ ಹೆಸರು ಬರೆದಿಲ್ಲ. ವರ್ಷಕ್ಕೊಂದು ಸಲ, ಗೆರೆ ಹಾಕುವ ದಿನ, ಶಾಲೆಯ ಗೇಟಿನಿಂದ ಬಂದವಳು ಅದನ್ನು ತೆಗೆಯುತ್ತೇನೆ. ಒಂದು ನ್ಯೂಟ್ರೊಫಿಲ್ ಸಿಕ್ಕರೂ ಸಾಕು. ಅವತ್ತು ಗಾಬರಿಯಲ್ಲಿ ನಾನು ಕಾಣದೆ ಹೋದೆ, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ನಾನು ಪೋಲು ಮಾಡಿದ ಐದು ದಿನದಿಂದಲೇ ಎಲ್ಲವೂ ಆದದ್ದಲ್ಲ ಎಂದು ಹೇಳಿಕೊಳ್ಳುವುದಕ್ಕೆ ಅಷ್ಟಾದರೂ ಬೇಕು.

ಮೊನ್ನೆಯೂ ತೆಗೆದೆ. ಸೀರೆಯ ಸೆರಗಿನಲ್ಲಿ ಗಾಜು ಒರೆಸಿ, ಎಣ್ಣೆ ಹನಿ ಇಟ್ಟು, ಎಡ ತುದಿಯಿಂದ ಶುರು ಮಾಡಿದೆ. ಬಣ್ಣ ಸ್ವಲ್ಪ ಮಾಸಿದೆ. ಕೆಂಪು ಕಣಗಳು ಹಾಗೇ ಇವೆ. ನೋಟ್‌ಬುಕ್ಕಿನ ಹುಡುಗಿಯರು ಎಲ್ಲೆಲ್ಲಿ ಕೂತಿದ್ದಾರೆ ಎಂದು ನನಗೀಗ ಬಾಯಿಪಾಠ. ಸಾಲು ಸಾಲಾಗಿ ಬಲ ತುದಿಯವರೆಗೆ ಹೋದೆ, ಅಲ್ಲಿಂದ ವಾಪಸ್ ಎಡಕ್ಕೆ ಬಂದೆ. ಈ ವರ್ಷವೂ ಸಿಗಲಿಲ್ಲ.